ಮೂರು ಸೀಟಿಯ ಹಾಗಲಬೀಜ

ಹೈದರಾಬಾದ್
12 ಆಗಸ್ಟ್ 1996

ಪ್ರೀತಿಯ ಅಯ್ಯಮ್ಮ ಅತ್ತೆಗೆ ದೇವಕಿಯ ಜೈಭೀಮ್.

ಈ ಪತ್ರವನ್ನು ನೀವೊಬ್ಬರೇ ಓದಬೇಡಿ. ಮಾವ ಕಾಲುವೆ ಗೇಟಿನ ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು ಕುಳಿತ ಮೇಲೆ ಗಟ್ಟಿಯಾಗಿ ಓದಿ. ದೋರನಹಳ್ಳಿಯಿಂದ ಶಹಾಪುರದ ಹೈಸ್ಕೂಲಿಗೆ ಮೂರು ವರ್ಷ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋದವರಿಗೆ ಈ ಸುದ್ದಿಯಲ್ಲಿ ಅರ್ಧ ಪಾಲಿದೆ.

ಹೋದ ಚಳಿಗಾಲದಲ್ಲಿ ಮಾವ ಸಗರದ ಗುಡ್ಡದ ಕಡೆಯಿಂದ ಬೇಲಿಹಾಗಲದ ಬೀಜ ಕಳಿಸಿದ್ದರಲ್ಲ, ಬೆರಳುದ್ದದ, ಎಷ್ಟು ಬೆಲ್ಲ ಹಾಕಿದರೂ ಕಹಿ ಬಿಡದ ಆ ಕಾಯಿಯ ಬೀಜ. ಅದರೊಳಗೆ ಒಂದು ಪ್ರೋಟೀನ್ ಇದೆ. ನಮ್ಮ ಒಂದೊಂದು ಜೀವಕೋಶದಲ್ಲೂ ಪ್ರೋಟೀನ್ ತಯಾರಿಸುವ ಸಣ್ಣ ಸಣ್ಣ ಯಂತ್ರಗಳಿರುತ್ತವೆ, ರೈಬೋಸೋಮ್ ಅನ್ನುತ್ತೇವೆ. ಹಾಗಲದ ಈ ಪ್ರೋಟೀನ್ ಒಳಗೆ ಹೊಕ್ಕು ಆ ಯಂತ್ರದ ಕೀಲನ್ನೇ ಮುರಿಯುತ್ತದೆ. ಯಂತ್ರ ನಿಂತರೆ ಜೀವಕೋಶ ಸಾಯುತ್ತದೆ. ನಮ್ಮ ಲ್ಯಾಬಿನಲ್ಲಿ ಮನುಷ್ಯರ ಲಿವರ್ ಕ್ಯಾನ್ಸರಿನ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿಟ್ಟಿದ್ದೇವೆ. ಅವುಗಳ ಮೇಲೆ ಇದನ್ನು ಹಾಕಿದೆ. ಮೂರನೆಯ ದಿನಕ್ಕೆ ಹತ್ತರಲ್ಲಿ ಏಳು ಸತ್ತಿದ್ದವು. ಮತ್ತೆರಡು ಸಲ ಮಾಡಿದೆ, ಅದೇ ಲೆಕ್ಕ. ನಮ್ಮ ಗೈಡ್ ಮೇಡಂ ಯಾರನ್ನೂ ಹೊಗಳುವವರಲ್ಲ, ಅವರೇ ನನಗೆ ಚಹಾ ತರಿಸಿದರು.

ಇದು ಔಷಧಿಯಾಗುತ್ತದೆ ಅತ್ತೆ. ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಮಾವನ ತಬಿಯತ್ತು ಹೇಗಿದೆ? ಯುಗಾದಿಗೆ ಬಂದಾಗ ತೆಳ್ಳಗೆ ಕಂಡರು. ಕಾಲುವೆ ದಂಡೆಯ ಮೇಲೆ ಬಿಸಿಲಲ್ಲಿ ಓಡಾಡುವುದನ್ನು ಕಡಿಮೆ ಮಾಡಲು ಹೇಳಿ.

ನಿಮ್ಮ ದೇವಕಿ

*

ದೋರನಹಳ್ಳಿ
25 ಆಗಸ್ಟ್ 1996

ಚಿ. ದೇವಕಿಗೆ ಅತ್ತೆಯ ಆಶೀರ್ವಾದ.

ನಿನ್ನ ಪತ್ರ ನಾನು ಒಮ್ಮೆ ಓದಿದೆ, ನಿಮ್ಮ ಮಾವ ನಾಲ್ಕು ಸಲ ಓದಿಸಿಕೊಂಡರು. ಅಷ್ಟಕ್ಕೆ ಸುಮ್ಮನಾಗಲಿಲ್ಲ. ಅಂಗಿ ಜೇಬಿನಲ್ಲಿಟ್ಟುಕೊಂಡು ಸರದಾರಸಾಬನ ಚಹಾದ ಅಂಗಡಿಗೆ ಹೋಗಿ, ಅಲ್ಲಿ ಕುಳಿತವರಿಗೆಲ್ಲ ಓದಿಸಿದ್ದಾರೆ. "ನನ್ನ ಸೊಸಿ ಕ್ಯಾನ್ಸರ್ ಮುರಿಯೋ ಬೀಜ ಹುಡುಕ್ಯಾಳ" ಎಂದು ಹೇಳಿ ಹೇಳಿ ಅವರ ಗಂಟಲು ಕಟ್ಟಿದೆ. ತಂಗಿಯ ಮಗಳ ಮೇಲೆ ಇಷ್ಟು ಅಭಿಮಾನವಿರುವ ಮನುಷ್ಯ ಹೆಂಡತಿಗೆ ಹೆಡ್‌ಮಾಸ್ತರಿಕೆ ಬಂದಾಗ ಒಂದು ಪೇಡೆಯನ್ನೂ ತಂದಿರಲಿಲ್ಲ, ಇದನ್ನು ನೆನಪಿಟ್ಟುಕೋ.

ಒಂದು ವಿಷಯ ಕೇಳಬೇಕಾಗಿದೆ. ಸಗರದಲ್ಲಿ ನಮ್ಮ ಪರಿಚಯದವರೊಬ್ಬರಿದ್ದಾರೆ. ಐವತ್ತೆರಡು ವರ್ಷ, ಗಟ್ಟಿ ಆಳು. ಪಕ್ಕೆಯಲ್ಲಿ ನೋವೆಂದು ಯಾದಗಿರಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ಗಡ್ಡೆ ಕಂಡಿದೆ, ಸೂಜಿ ಹಾಕಿ ತೆಗೆದು ನೋಡಿ ಅದೇ ಎಂದಿದ್ದಾರೆ. ಗಡ್ಡೆ ಒಂದೇ, ಅಂಚಿನಲ್ಲಿದೆ, ಹೈದರಾಬಾದಿಗೆ ಹೋದರೆ ಕೊಯ್ದು ತೆಗೆಯಬಹುದು, ಆದರೆ ದೀಪಾವಳಿ ದಾಟಿ ಬಹಳ ದಿನ ಬಿಡಬಾರದು ಎಂದು ಡಾಕ್ಟರ ಮಾತು. ಆ ಮನುಷ್ಯ ಮಾತ್ರ ಕತ್ತರಿ ಬೇಡವೆಂದು ಕುಳಿತಿದ್ದಾನೆ. ನಿನ್ನ ಸುದ್ದಿ ಕಿವಿಗೆ ಬಿದ್ದ ಮೇಲೆ ದಿನಾ ಬೆಳಿಗ್ಗೆ ಐದು ಹಾಗಲಬೀಜ ಅಗಿದು ನುಂಗುತ್ತಾನೆ. ವಾಂತಿಯಾಗುತ್ತದೆ, ಮೈಯೊಳಗಿನ ಕೆಟ್ಟದ್ದು ಹೋಗುತ್ತಿದೆ ಎನ್ನುತ್ತಾನೆ. ಅವನ ಹೆಂಡತಿ ನನ್ನನ್ನು ಕೇಳಿದಳು. ಬೀಜ ತಿಂದರೆ ಗುಣವಾಗುತ್ತದೆಯೇ? ನನಗೆ ಪಾಠದ ಹಾಗೆ ಬಿಡಿಸಿ ಬರೆ.

ನಿಮ್ಮ ಮಾವ ಚೆನ್ನಾಗಿದ್ದಾರೆ. ತೆಳ್ಳಗೆ ಕಂಡದ್ದು ನಿನ್ನ ಕನ್ನಡಕದ ನಂಬರು ಏರಿದ್ದಕ್ಕೆ.

ಅಯ್ಯಮ್ಮ

*

ಹೈದರಾಬಾದ್
3 ಸೆಪ್ಟೆಂಬರ್ 1996

ಅತ್ತೆಗೆ ಜೈಭೀಮ್.

ಸಗರದವರಿಗೆ ಇವತ್ತೇ ಹೇಳಿಕಳಿಸಿ, ಬೀಜ ತಿನ್ನುವುದನ್ನು ನಿಲ್ಲಿಸಲಿ. ನಾನು ಗಾಜಿನ ತಟ್ಟೆಗೆ ಹಾಕಿದ್ದು ಬೀಜವನ್ನಲ್ಲ, ಬೀಜದಿಂದ ಬೇರ್ಪಡಿಸಿ ಶುದ್ಧ ಮಾಡಿದ ಪ್ರೋಟೀನನ್ನು. ಬಾಯಿಂದ ನುಂಗಿದರೆ ಹೊಟ್ಟೆಯ ಲೆಕ್ಕಕ್ಕೆ ಅದೂ ತೊಗರಿಬೇಳೆಯೇ, ಜೀರ್ಣಿಸಿ ಮುಗಿಸುತ್ತದೆ, ಲಿವರಿನ ಗಡ್ಡೆಗೆ ಮುಟ್ಟುವುದೇ ಇಲ್ಲ. ಹಸಿ ಬೀಜ ಹೊಟ್ಟೆಯನ್ನು ಕೆಡಿಸುತ್ತದೆ, ಹೆಚ್ಚು ತಿಂದರೆ ಪ್ರಾಣಕ್ಕೇ ಎರವಾಗಬಹುದು. ವಾಂತಿಯಾಗುತ್ತಿರುವುದು ಅದಕ್ಕೇ. ಒಂದೇ ಗಡ್ಡೆ, ಅದೂ ಅಂಚಿನಲ್ಲಿ ಎಂದರೆ ಅವರು ಅದೃಷ್ಟವಂತರು. ಇವತ್ತಿಗೆ ಅವರ ಔಷಧಿ ಕತ್ತರಿಯೇ. ನನ್ನ ಪ್ರೋಟೀನ್ ಮನುಷ್ಯರ ಮೈಗೆ ಬರಲು ಇನ್ನೂ ಹತ್ತು ಹದಿನೈದು ವರ್ಷ ಬೇಕು.

ನಿಮಗೆ ವಿಜ್ಞಾನದ ಹುಚ್ಚು ಹಿಡಿದಿರುವುದು ಖುಷಿ ಕೊಟ್ಟಿತು, ಅದಕ್ಕೆ ಇನ್ನೊಂದು ಪಾಠ. ಈ ಪ್ರೋಟೀನಿಗೆ ಹಬೆ ಆಗಿಬರುವುದಿಲ್ಲ. ಲ್ಯಾಬಿನಲ್ಲಿ ನಿಮ್ಮ ಕುಕ್ಕರಿನ ಅಣ್ಣನಂಥ ಒಂದು ದೊಡ್ಡ ಪಾತ್ರೆ ಇದೆ. ಅದರಲ್ಲಿಟ್ಟು ತೆಗೆದರೆ ಪ್ರೋಟೀನ್ ಸತ್ತಂತೆಯೇ, ಆಮೇಲೆ ಅದು ಯಾವ ಯಂತ್ರವನ್ನೂ ಮುರಿಯಲಾರದು.

ಮಾವನಿಗೆ ಒಂದು ಕೆಲಸ. ಸಗರದ ಬೀಜ ಮಳೆನೀರಿನ ಬಳ್ಳಿಯದು. ಈಗ ಕಾಲುವೆ ದಂಡೆಯ ಬಳ್ಳಿಯ ಬೀಜ ಬೇಕು. ನಾರಾಯಣಪುರ ಡ್ಯಾಮಿನ ನೀರು ಕುಡಿದ ಬಳ್ಳಿಯಲ್ಲಿ ಪ್ರೋಟೀನ್ ಹೆಚ್ಚೋ ಕಡಿಮೆಯೋ ನೋಡೋಣ.

ದೇವಕಿ

*

ದೋರನಹಳ್ಳಿ
20 ಸೆಪ್ಟೆಂಬರ್ 1996

ಚಿ. ದೇವಕಿಗೆ ಆಶೀರ್ವಾದ.

ನಿಮ್ಮ ಮಾವ ಕಾಲುವೆ ದಂಡೆಯ ಬೀಜವನ್ನು ಡಬ್ಬಿಯಿಂದ ತೆಗೆದು, ತಾವೇ ಹೊಲಿದ ಬಟ್ಟೆಯ ಚೀಲದಲ್ಲಿ ಹಾಕಿ ಶಹಾಪುರದ ಪೋಸ್ಟಿಗೆ ಕೊಟ್ಟು ಬಂದಿದ್ದಾರೆ. ನಾನು ಶಾಲೆಯಲ್ಲಿದ್ದೆ, ಬರುವಷ್ಟರಲ್ಲಿ ಪಾರ್ಸೆಲ್ ಹೋಗಿತ್ತು.

ಸಗರದವರಿಗೆ ನಿನ್ನ ಮಾತು ಮುಟ್ಟಿಸಿದೆ. ಕೇಳುವ ಆಸಾಮಿಯಲ್ಲ. "ಓದಿದ ಹುಡುಗಿ ಹೆದರ್ಕೊಂಡು ಹಂಗ ಬರದಾಳ" ಎಂದು ಅವರಿಗೆ ಅವರೇ ತೀರ್ಪು ಕೊಟ್ಟುಕೊಂಡಿದ್ದಾರೆ. ಆದರೆ ಈಗ ವಾಂತಿ ನಿಂತಿದೆ. ಹೆಂಡತಿ ಜಾಣೆ, ನೋಡಿಕೊಳ್ಳುತ್ತಾಳೆ. ನೀನು ಆ ಚಿಂತೆ ಬಿಟ್ಟು ನಿನ್ನ ಬರವಣಿಗೆ ಮುಗಿಸು.

ಅಯ್ಯಮ್ಮ

*

ಹೈದರಾಬಾದ್
18 ಅಕ್ಟೋಬರ್ 1996

ಅತ್ತೆಗೆ ಜೈಭೀಮ್.

ದೊಡ್ಡ ಸುದ್ದಿ. ಕಾಲುವೆ ಬೀಜದಲ್ಲಿ ಏನೂ ಇಲ್ಲ! ಕಡಿಮೆ ಅಲ್ಲ, ಸೊನ್ನೆ. ಒಂದು ಜೀವಕೋಶವೂ ಸಾಯಲಿಲ್ಲ. ಮೊದಲು ಕೈ ತಪ್ಪಿತೇನೋ ಎಂದುಕೊಂಡು ಮತ್ತೆ ಮಾಡಿದೆ, ಮತ್ತೆ ಸೊನ್ನೆ. ಎರಡು ದಿನ ಊಟ ಬಿಟ್ಟು ಯೋಚಿಸಿದ ಮೇಲೆ ಹೊಳೆಯಿತು. ಗುಡ್ಡದ ಬಳ್ಳಿಗೆ ನೀರಿಲ್ಲ, ನೆರಳಿಲ್ಲ, ತಿನ್ನಬರುವ ಹುಳುಗಳು ಬೇರೆ. ತನ್ನನ್ನು ಕಾಪಾಡಿಕೊಳ್ಳಲು ಅದಕ್ಕೆ ಈ ವಿಷ ಬೇಕು. ಕಾಲುವೆ ಬಂದ ಮೇಲೆ ದಂಡೆಯ ಬಳ್ಳಿಗೆ ಸುಖ ಹೆಚ್ಚಾಗಿ ಆ ಪ್ರೋಟೀನ್ ಮಾಡುವುದನ್ನೇ ಬಿಟ್ಟಿದೆ. ಮೇಡಂ ಕೂಡ ಇರಬಹುದು ಎಂದರು. ನವೆಂಬರ್ ಇಪ್ಪತ್ತಕ್ಕೆ ಗುಲ್ಬರ್ಗದಲ್ಲಿ ಸೆಮಿನಾರ್ ಇದೆ, ಇದನ್ನೇ ಓದುತ್ತೇನೆ. ಹೆಸರು ಕೊಟ್ಟಾಗಿದೆ.

ಮಾವ ಬೇಸರ ಮಾಡಿಕೊಳ್ಳಬಾರದು. ಅವರ ಕಾಲುವೆ ಹೊಲಕ್ಕೆ ಒಳ್ಳೆಯದೇ, ನನ್ನ ಬಳ್ಳಿಗೆ ಮಾತ್ರ ಆಗಿಬರಲಿಲ್ಲ.

ಸಗರದವರು ಆಪರೇಷನ್ ಮಾಡಿಸಿಕೊಂಡರೇ?

ದೇವಕಿ

*

ದೋರನಹಳ್ಳಿ
27 ಅಕ್ಟೋಬರ್ 1996

ಚಿ. ದೇವಕಿ,

ಈ ಪತ್ರವನ್ನು ಕುಳಿತು ಓದು.

ನಿನ್ನ ಕಾಲುವೆಯ ಮಾತು ಸುಳ್ಳು. ಗುಲ್ಬರ್ಗದಲ್ಲಿ ಓದಬೇಡ. ಆ ಬೀಜಕ್ಕೆ ಮೂರು ಸೀಟಿ ಹೊಡೆಸಿದ್ದು ನಾನು.

ಸಗರದಲ್ಲಿ ಯಾರೂ ಇಲ್ಲ. ಗಡ್ಡೆ ಇರುವುದು ನಿಮ್ಮ ಮಾವನಿಗೆ. ಜುಲೈಯಲ್ಲಿ ಗೊತ್ತಾಯಿತು. ಅವಳಿಗೆ ತಿಳಿದರೆ ಲ್ಯಾಬ್ ಬಿಟ್ಟು ಓಡಿಬರುತ್ತಾಳೆ, ಹೇಳಿದರೆ ನನ್ನಾಣೆ ಎಂದು ಕಟ್ಟಿಹಾಕಿದರು. ಆಗ ಕತ್ತರಿಗೆ ಒಪ್ಪಿಯೇ ಇದ್ದರು, ತಾರೀಕು ಕೇಳಿಕೊಂಡು ಬರಬೇಕೆಂದು ಅಂಗಿ ಇಸ್ತ್ರಿ ಮಾಡಿಸಿದ್ದರು. ಅಷ್ಟರಲ್ಲಿ ನಿನ್ನ ಮೊದಲ ಪತ್ರ ಬಂತು. ಹತ್ತರಲ್ಲಿ ಏಳು ಸಾಯುತ್ತವೆ, ಎಳ್ಳಷ್ಟೂ ಅನುಮಾನವಿಲ್ಲ ಎಂದು ನೀನು ಬರೆದದ್ದನ್ನು ಕೇಳಿದ ಮೇಲೆ ಅವರು ಯಾರ ಮಾತಿಗೂ ಬಗ್ಗಲಿಲ್ಲ. ಹದಿನೈದಿಪ್ಪತ್ತು ದಿನ ಹಸಿ ಬೀಜ ತಿಂದು ಕರುಳು ಕಿತ್ತು ಬರುವ ಹಾಗೆ ಕಾರಿಕೊಂಡರು. ನಿನ್ನ ಎರಡನೆಯ ಪತ್ರ ಓದಿ ಹೇಳಿದೆ, ಕೇಳಲಿಲ್ಲ. ಅದರಲ್ಲಿ ಕುಕ್ಕರಿನ ಮಾತಿತ್ತು. ಮರುದಿನ ಅವರು ಗೇಟಿಗೆ ಹೋದ ಮೇಲೆ ಡಬ್ಬಿಯಲ್ಲಿದ್ದ ಬೀಜವನ್ನೆಲ್ಲ ಬೇಳೆಯ ಮೇಲಿನ ಪಾತ್ರೆಯಲ್ಲಿಟ್ಟು ಮೂರು ಸೀಟಿ ಹೊಡೆಸಿ, ಮಾಳಿಗೆಯ ಮೇಲೆ ಒಣಗಿಸಿ ಮತ್ತೆ ತುಂಬಿಟ್ಟೆ. ಆಮೇಲೆ ಅವರು ತಂದದ್ದಕ್ಕೆಲ್ಲ ಹಾಗೇ ಮಾಡಿದೆ. ವಾಂತಿ ನಿಂತಿತು. ತಿನ್ನುವುದು ನಿಲ್ಲಲಿಲ್ಲ.

ನಿನ್ನ ಪಾರ್ಸೆಲ್ಲಿಗೂ ಅದೇ ಡಬ್ಬಿಯಿಂದ ಹಾಕುತ್ತಾರೆಂದು ನಾನು ಎಣಿಸಿರಲಿಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದೆ. ಒಂದು ಪರೀಕ್ಷೆ ಕೆಟ್ಟರೆ ಇನ್ನೊಂದು ಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ಸೊನ್ನೆಯ ಮೇಲೆ ನೀನು ಮಾಳಿಗೆಯನ್ನೇ ಕಟ್ಟುತ್ತೀಯೆಂದು ನನಗೇನು ಗೊತ್ತು? "ಹತ್ತು ವರ್ಷ ಈ ನೀರು ಕಾದೀನಿ, ನನ್ನ ಕಾಲುವಿಗೇ ಹೆಸರಿಟ್ಟಳಲ್ಲ" ಎಂದು ನಿಮ್ಮ ಮಾವ ನಿನ್ನೆಯಿಂದ ಮಾತು ಬಿಟ್ಟಿದ್ದಾರೆ.

ದೀಪಾವಳಿಗೆ ಎರಡು ವಾರ ಉಳಿದಿದೆ. ನನಗೆ ಹೆದರಿಕೆಯಾಗಿದೆ ದೇವಕಿ. ಇನ್ನು ಮುಚ್ಚುಮರೆ ನನ್ನ ಕೈಲಾಗದು.

ಅಯ್ಯಮ್ಮ

*

ಹೈದರಾಬಾದ್
2 ನವೆಂಬರ್ 1996

ಅತ್ತೆ,

ಓದಿ ಸಿಟ್ಟು ಬಂತು. ಲ್ಯಾಬಿನ ಹಿಂದೆ ಬೇವಿನ ಮರದ ಕೆಳಗೆ ನಿಂತು ಅತ್ತುಬಿಟ್ಟೆ. ಆಮೇಲೆ ನನ್ನ ಮೊದಲ ಪತ್ರದ ನೆನಪಾಗಿ ಸಿಟ್ಟು ನನ್ನ ಮೇಲೆಯೇ ತಿರುಗಿತು.

ನಾನೂ ಒಂದು ಮುಚ್ಚಿಟ್ಟಿದ್ದೆ. ಕ್ಯಾನ್ಸರ್ ಜೀವಕೋಶಗಳ ಪಕ್ಕದಲ್ಲಿ ಒಳ್ಳೆಯ ಲಿವರಿನ ಜೀವಕೋಶಗಳ ತಟ್ಟೆಯನ್ನೂ ಇಟ್ಟಿದ್ದೆ. ಅದರಲ್ಲೂ ಹತ್ತರಲ್ಲಿ ಐದು ಸತ್ತಿದ್ದವು. ಕೆಟ್ಟದ್ದನ್ನು ಮಾತ್ರ ಹುಡುಕಿ ಕೊಲ್ಲುವ ಬುದ್ಧಿ ಅದಕ್ಕಿನ್ನೂ ಬಂದಿಲ್ಲ. ಅದನ್ನು ಕಲಿಸುವುದೇ ಮುಂದಿನ ಕೆಲಸ. ಮಾವ ಹಿಗ್ಗಲಿ ಎಂದು ಅರ್ಧ ಸಾಲು ಬರೆದೆ, ಇನ್ನರ್ಧ ನುಂಗಿದೆ. ಅವರು ನಂಬಿದ್ದು ಆ ಅರ್ಧ ಸಾಲನ್ನು. ಇದನ್ನು ಅವರಿಗೆ ಓದಿ ಹೇಳಿ.

ಸೆಮಿನಾರಿನಿಂದ ಹೆಸರು ತೆಗೆಸಿದೆ. ಮೇಡಂ ಬೈಯಲಿಲ್ಲ, ಕುಕ್ಕರಿನ ಕಥೆ ಕೇಳಿ ನಕ್ಕರು, ಆಮೇಲೆ ತಾವೇ ನನ್ನನ್ನು ಸರ್ಜನ್ ಹತ್ತಿರ ಕರೆದುಕೊಂಡು ಹೋದರು. ಯಾದಗಿರಿಯ ಸ್ಕ್ಯಾನ್ ಅಂಚೆಯಲ್ಲಿ ಕಳಿಸಿ. ನಾನು ಹೊರಟು ಬರಲೇ?

ದೇವಕಿ

*

ದೋರನಹಳ್ಳಿ
9 ನವೆಂಬರ್ 1996

ಚಿ. ದೇವಕಿಗೆ ಆಶೀರ್ವಾದ.

ಬರಬೇಡ. ನೀನು ಬಂದರೆ ಮೊಂಡುತನ ಇಮ್ಮಡಿಯಾಗುತ್ತದೆ. ಸ್ಕ್ಯಾನ್ ಇದರ ಜೊತೆಗಿದೆ, ಅಲ್ಲಿ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿಡು.

ಎಲ್ಲವನ್ನೂ ಹೇಳಿದೆ. ನಂಬಲಿಲ್ಲ. ನಾನೂ ನೀನೂ ಕೂಡಿ ಅವರನ್ನು ಕತ್ತರಿಗೆ ಒಪ್ಪಿಸಲು ಹೂಡಿದ ಆಟ ಎಂದರು. ಎರಡು ತಿಂಗಳಿನಿಂದ ಹಸಿವು ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಸತ್ತ ಬೀಜದಿಂದ ಇದೆಲ್ಲ ಎಲ್ಲಿಂದ ಬರುತ್ತದೆ ಎಂದು ನನ್ನನ್ನೇ ಕೇಳಿದರು. "ಅದು ನಿಮ್ಮ ಸೊಸಿ ಪತ್ರ ಓದಿ ಬಂದ ಹಸಿವ್ರಿ" ಎಂದೆ. ಎದ್ದು ಹೋದರು.

ಸಂಜೆ ಡಬ್ಬಿ ಹಿಡಿದು ಬಂದು ತಾವೇ ದಾರಿ ಹೇಳಿದರು. ಕುಕ್ಕರಿನಲ್ಲಿ ಬೆಂದದ್ದು ಮೊಳೆಯುವುದಿಲ್ಲ, ಇದು ಸತ್ತಿದೆಯೋ ಇಲ್ಲವೋ ಮಣ್ಣೇ ಹೇಳಲಿ. ಸುರಪುರದಿಂದ ನಮ್ಮಕ್ಕ ಹಣಮಂತಮ್ಮ ಹೊಸ ಬೀಜ ಕಳಿಸಿದ್ದಳು, ಇನ್ನೂ ನನ್ನ ಕೈ ಮುಟ್ಟದ್ದು. ಅದರಿಂದ ಹತ್ತು, ಡಬ್ಬಿಯಿಂದ ಹತ್ತು, ಗೇಟಿನ ಮನೆಯ ಹಿಂದೆ ಎರಡು ಸಾಲು ಊರಿದ್ದಾರೆ. ನಾನು ಮೋಸ ಮಾಡಬಾರದೆಂದು ಸರದಾರಸಾಬನ ಅಂಗಡಿಯ ಹಳೆಯ ಜಾಲರಿ ಮುಚ್ಚಿ, ಬೀಗ ಹಾಕಿ, ಕೀಲಿಯನ್ನು ಅವನ ಕೈಗೇ ಕೊಟ್ಟಿದ್ದಾರೆ. ನೀರು ಹಾಕುವುದೂ ಅವನೇ. ಇಪ್ಪತ್ತನೇ ತಾರೀಕಿಗೆ ತೆಗೆಯುವುದು ಎಂದು ಕರಾರು. ಡಬ್ಬಿಯದು ಒಂದೇ ಒಂದು ಮೊಳೆತರೂ ಆಪರೇಷನ್ ಇಲ್ಲ. ಒಂದೂ ಮೊಳೆಯದಿದ್ದರೆ ಅದೇ ವಾರ ರೈಲು ಹತ್ತುತ್ತಾರೆ.

ನಾನು ಒಪ್ಪಿದೆ. ನನ್ನ ಕುಕ್ಕರಿನ ಮೇಲೆ ನನಗೆ ನಂಬಿಕೆಯಿದೆ. ಆದರೂ ಮೂರರ ಬದಲು ಐದು ಸೀಟಿ ಹೊಡೆಸಬೇಕಿತ್ತು ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ.

ಅಯ್ಯಮ್ಮ

*

ಹೈದರಾಬಾದ್
14 ನವೆಂಬರ್ 1996

ಅತ್ತೆಗೆ ಜೈಭೀಮ್.

ಸರ್ಜನ್ ಸ್ಕ್ಯಾನ್ ನೋಡಿದರು. ಈಗಲೂ ತೆಗೆಯಬಹುದು ಎಂದರು. ಇನ್ನೊಂದು ತಿಂಗಳು ಬಿಟ್ಟರೆ ಹೇಳಲಾರೆ ಎಂದರು. ಹಾಸಿಗೆ ಇಪ್ಪತ್ತೈದಕ್ಕೆ ಸಿಕ್ಕಿದೆ.

ಮಾವನಿಗೆ ನನ್ನ ಮಾತಾಗಿ ಹೇಳಿ. ಬೀಜ ಮೊಳೆತರೂ ಬನ್ನಿ, ಮೊಳೆಯದಿದ್ದರೂ ಬನ್ನಿ. ಇದೊಂದು ಸಲ ಕರಾರು ಮುರಿಯಿರಿ.

ದೇವಕಿ

*

ದೋರನಹಳ್ಳಿ
20 ನವೆಂಬರ್ 1996

ಚಿ. ದೇವಕಿಗೆ ಆಶೀರ್ವಾದ.

ಬೆಳಿಗ್ಗೆ ಸರದಾರಸಾಬ ಕೀಲಿ ತೆಗೆದ. ಸುರಪುರದ ಸಾಲಿನಲ್ಲಿ ಎಂಟು ಎದ್ದು ನಿಂತಿದ್ದವು. ಡಬ್ಬಿಯ ಸಾಲಿನಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ನಿಮ್ಮ ಮಾವ ಕುಕ್ಕುರುಗಾಲಿನಲ್ಲಿ ಕುಳಿತು, ಒಂದೊಂದೇ ಬೀಜವನ್ನು ಬೆರಳಿನಿಂದ ಕೆದರಿ ತೆಗೆದು ಹಿಸುಕಿ ನೋಡಿದರು. ಹತ್ತೂ ಕೊಳೆತು ಮೆತ್ತಗಾಗಿದ್ದವು.

"ಸತ್ತ ಬೀಜ ತಿಂದು ಬದುಕತೇನಿ ಅಂತ ಕುಂತಿದ್ದೆನಲ್ಲೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎರಡು ತಿಂಗಳು ನನಗ ಗೊತ್ತಾಗದಂಗ ಹೆಂಗ ಮಾಡಿದಿ?" ಎಂದು ಕೇಳಿದರು. ನೀವು ದಿನಾ ಹನ್ನೆರಡು ತಾಸು ಕಾಲುವೆಯನ್ನು ನೋಡುತ್ತೀರಿ, ಒಲೆಯ ಕಡೆ ಯಾವತ್ತು ನೋಡಿದ್ದೀರಿ ಎಂದೆ. ಸರದಾರಸಾಬ ನಕ್ಕ, ಅವರೂ ನಕ್ಕರು. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ.

ಇಪ್ಪತ್ನಾಲ್ಕರ ಬೆಳಿಗ್ಗೆ ಯಾದಗಿರಿಯಲ್ಲಿ ರೈಲು ಹತ್ತುತ್ತೇವೆ. ಆ ಎಂಟು ಸಸಿಗಳನ್ನು ಕಿತ್ತು ಗೇಟಿನ ಕಂಬಿಯ ಬುಡಕ್ಕೆ ನೆಟ್ಟು, ಸರದಾರಸಾಬನಿಗೆ ಒಪ್ಪಿಸಿದ ಮೇಲೆಯೇ ಅವರು ಚೀಲ ಕಟ್ಟಲು ಕುಳಿತದ್ದು. ಸ್ಟೇಷನ್ನಿಗೆ ಬಾ.

ಅಯ್ಯಮ್ಮ

*

ಹೈದರಾಬಾದ್
5 ಮಾರ್ಚ್ 1997

ಅತ್ತೆಗೂ ಮಾವನಿಗೂ ಜೈಭೀಮ್.

ಹೋದ ವಾರದ ಸ್ಕ್ಯಾನ್ ವರದಿ ಬಂತು. ಹೊಸ ಗಡ್ಡೆ ಇಲ್ಲ. ಉಳಿದ ಲಿವರ್ ಬೆಳೆದು ಜಾಗ ತುಂಬುತ್ತಿದೆ ಎಂದು ಸರ್ಜನ್ ಬರೆದಿದ್ದಾರೆ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಮಾವ ವಾರ್ಡಿನಲ್ಲಿ ನರ್ಸುಗಳಿಗೆ ಗೇಟು ಎತ್ತುವುದು ಹೇಗೆಂದು ಕಲಿಸಿ ಬಂದದ್ದನ್ನು ಅಲ್ಲಿ ಇನ್ನೂ ಹೇಳಿ ನಗುತ್ತಾರೆ.

ನಿಮ್ಮ ಕುಕ್ಕರ್ ಬೀಜ ನನ್ನ ಪ್ರಬಂಧ ಸೇರಿದೆ. ಹಬೆ ತಾಗಿದ ಬೀಜ ಏನೂ ಮಾಡುವುದಿಲ್ಲ ಎಂದು ತೋರಿಸಲು ನನಗೊಂದು ಹೋಲಿಕೆ ಬೇಕಾಗಿತ್ತು, ಅದನ್ನು ಕೇಳದೆಯೇ ಒದಗಿಸಿದಿರಿ. ಕೊನೆಯ ಪುಟದ ಕೃತಜ್ಞತೆಯಲ್ಲಿ ನಿಮ್ಮ ಹೆಸರಿದೆ, ಸೀಟಿಯ ಮಾತಿಲ್ಲ.

ಈಗ ಕಾಲುವೆ ಬಳ್ಳಿಯ ಹಸಿ ಬೀಜ ಬೇಕು. ಈ ಸಲ ನಿಜವಾಗಿಯೂ ಹಸಿ.

ದೇವಕಿ

*

ದೋರನಹಳ್ಳಿ
28 ಮಾರ್ಚ್ 1997

ಚಿ. ದೇವಕಿಗೆ ಆಶೀರ್ವಾದ.

ಗೇಟಿನ ಕಂಬಿಗೆ ಹಬ್ಬಿದ ಬಳ್ಳಿಯ ಮೊದಲ ಹಣ್ಣುಗಳ ಬೀಜ ಕಳಿಸಿದ್ದೇವೆ. ನಾಲ್ಕು ತಿಂಗಳು ಆ ಬಳ್ಳಿ ಕುಡಿದದ್ದು ಕಾಲುವೆಯ ನೀರನ್ನೇ. ಬಿಡಿಸುವಾಗ, ಒಣಗಿಸುವಾಗ, ಚೀಲ ಹೊಲಿಯುವಾಗ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹೊಲಿಗೆ ಬಿಗಿಯಾಗಿ ಎಳೆದರೆ ಗಾಯದ ಜಾಗ ಇನ್ನೂ ಚುರುಕ್ ಎನ್ನುತ್ತದಂತೆ, ಆದರೂ ಬೇರೆಯವರ ಕೈಗೆ ಸೂಜಿ ಕೊಡಲಿಲ್ಲ. ಚೀಲದ ಮೇಲೆ ಅವರೇ ಹೇಳಿ ಬರೆಸಿದ್ದನ್ನು ಓದಿಕೋ.

ಅಯ್ಯಮ್ಮ

*

(ಚೀಲದ ಮೇಲೆ)

ಕಾಲುವಿ ದಂಡಿ ಬೀಜ. ಸೀಟಿ ಹೊಡಸಿಲ್ಲ. ಹತ್ತು ಊರಿ ನೋಡೀನಿ, ಒಂಬತ್ತು ಎದ್ದಾವ. — ಮರಿಲಿಂಗಪ್ಪ. ಸಾಕ್ಷಿ: ಸರದಾರಸಾಬ.

*

ಹೈದರಾಬಾದ್
2 ಮೇ 1997

ಪ್ರೀತಿಯ ಮಾವನಿಗೆ ದೇವಕಿಯ ಜೈಭೀಮ್.

ಈ ಪತ್ರ ನಿಮಗೆ. ಅತ್ತೆ ಓದಿ ಹೇಳುತ್ತಾರೆ. ಸರದಾರಸಾಬನ ಅಂಗಡಿಗೆ ಒಯ್ಯುವುದಾದರೆ ಕೊನೆಯವರೆಗೂ ಓದಿಸಬೇಕು.

ಕಾಲುವೆ ಬೀಜವನ್ನು ಮೂರು ಸಲ ಪರೀಕ್ಷಿಸಿದೆ. ಕ್ಯಾನ್ಸರ್ ಜೀವಕೋಶಗಳಲ್ಲಿ ಹತ್ತಕ್ಕೆ ಏಳು ಸತ್ತವು, ಸಗರದ ಬೀಜದಷ್ಟೇ. ನಿಮ್ಮ ಕಾಲುವೆಯ ಮೇಲೆ ನಾನು ಹೊರಿಸಿದ ಆರೋಪ ವಾಪಸ್ಸು.

ಒಳ್ಳೆಯ ಲಿವರಿನ ಜೀವಕೋಶಗಳಲ್ಲಿ ಹತ್ತಕ್ಕೆ ಐದು ಸತ್ತವು. ಆ ಐದನ್ನು ಉಳಿಸುವ ದಾರಿ ನನಗಿನ್ನೂ ಗೊತ್ತಿಲ್ಲ. ಅದು ಗೊತ್ತಾಗುವವರೆಗೆ ನನ್ನ ಬೀಜ ಔಷಧಿಯಲ್ಲ, ಯಾರೂ ಬಾಯಿಗೆ ಹಾಕಬಾರದು. ಹುಡುಕುತ್ತೇನೆ ಮಾವ, ಸಿಗುತ್ತದೆ. ಈ ಸಲ ಸಾಲನ್ನು ಪೂರ್ತಿ ಬರೆದಿದ್ದೇನೆ.

ನಿಮ್ಮ ಸೊಸೆ ದೇವಕಿ